ಪಾಯಾಳು ಬಸವಂತ ಕಂಡ ಕೊಪ್ಪರಿಗೆ

ಇಳಕಲ್ಲಿನ ನೇಕಾರ ಓಣಿಯಲ್ಲಿ ಸೊಂಟ ಹಿಡಿದವರು ದವಾಖಾನೆಯ ದಾರಿ ಹಿಡಿಯುವ ಮೊದಲು ಬಸವಂತನ ಮನೆಯ ಮುಂದೆ ಬಂದು ಬೋರಲು ಮಲಗುತ್ತಿದ್ದರು. "ಒದಿಯೋ ಮಾರಾಯಾ, ಜೀವ ಹೊಂಟೈತಿ" ಎಂದು ನರಳುತ್ತಿದ್ದರು. ಬಸವಂತ ಮಗ್ಗದ ಕುಣಿಯಿಂದ ಎದ್ದು ಬಂದು, ಬಲಗಾಲಿನಿಂದ ಅವರ ಸೊಂಟಕ್ಕೆ ಮೂರು ಸಲ ಮೆಲ್ಲಗೆ ಒದ್ದು, ಮತ್ತೆ ಹೋಗಿ ಲಾಳಿ ಹಿಡಿಯುತ್ತಿದ್ದ. ಅವನು ಪಾಯಾಳು. ಅಂದರೆ ತಾಯಿ ಗುರುಲಿಂಗವ್ವನ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದೆ ಮಾಡಿ ಹೊರಬಿದ್ದವನು. ಅಂಥವನು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ದಿನವಿಡೀ ಕುಣಿಯಲ್ಲಿ ಕೂತು ನೇಯುವವರ ಊರು. ಹಿಡಿದ ಸೊಂಟಗಳಿಗೇನು ಬರವೇ! ಓಣಿಯ ಹಿರಿಯರನ್ನೆಲ್ಲ ಒದ್ದು ಅವರಿಂದಲೇ ಚಹಾ ಕುಡಿದವ ತಾನೊಬ್ಬನೇ ಎಂದು ಬಸವಂತ ನಗುತ್ತಿದ್ದ.

ಈ ನಂಬಿಕೆಗೆ ಇನ್ನೊಂದು ಹೊಲಸು ಬಾಲವಿದೆ. ಪಾಯಾಳುವಿನ ಕಣ್ಣಿಗೆ ಭೂಮಿಯೊಳಗಿನ ನಿಧಿ ಕಾಣುತ್ತದಂತೆ. ಥೂ, ಆ ಮಾತನ್ನು ಮೊದಲು ಆಡಿದವನ ನಾಲಿಗೆಗೆ ಹುಳ ಬೀಳಲಿ. ಈಗ ಬಸವಂತನ ಹತ್ತಿರ ಮುನ್ನೂರಕ್ಕೂ ಹೆಚ್ಚು ಹಳೆಯ ನಾಣ್ಯಗಳಿವೆ, ನಮ್ಮ ಮಾತಿನಲ್ಲಿ ಬಿಲ್ಲಿಗಳು. ಸಾಲಿ ಮಾಸ್ತರರು ಮಕ್ಕಳನ್ನು ಕರೆದುಕೊಂಡು ನೋಡಲು ಬರುತ್ತಾರೆ. "ಈ ಹವ್ಯಾಸ ಹೆಂಗ ಹತ್ತಿತ್ರಿ?" ಎಂದು ಕೇಳಿದರೆ "ಹೊಲದಾಗೊಂದು ಬಿಲ್ಲಿ ಸಿಕ್ತ್ರಿ, ಹುಚ್ಚ ಹಿಡೀತು" ಎಂದು ಹೇಳಿ ಮುಗಿಸುತ್ತಾನೆ. ಅದು ಸುಳ್ಳಲ್ಲ. ಆದರೆ ಆ ಹೊಲದಲ್ಲಿ ಏನೇನಾಯಿತು ಎಂಬುದನ್ನು ಅವನು ಹೇಳುವುದಿಲ್ಲ. ನಾನು ಹೇಳುತ್ತೇನೆ.

ಬಸವಂತನಿಗೆ ಒಂಬತ್ತು ತುಂಬುವಷ್ಟರಲ್ಲಿ ತಾಯಿ ತೀರಿಹೋದಳು, ತಂದೆ ಅದಕ್ಕೂ ಮೊದಲೇ. ಅವನನ್ನು ಸಾಕಿದವಳು ಆರು ವರ್ಷ ದೊಡ್ಡವಳಾದ ಅಕ್ಕ ರತ್ನಾಬಾಯಿ. ತಾನೇ ಇನ್ನೂ ಲಂಗ ಉಡುವ ಹುಡುಗಿ, ತಮ್ಮನಿಗೆ ರೊಟ್ಟಿ ಬಡಿದು ಹಾಕಿದಳು, ಮಗ್ಗ ಕಲಿಸಿದಳು, ಅವನಿಗೆ ನಾಲ್ಕು ಸೀರೆ ನೇಯಲು ಬರುವ ತನಕ ಮದುವೆಯ ಮಾತು ಎತ್ತಗೊಡಲಿಲ್ಲ. ಆಮೇಲೆ ಹುನಗುಂದದ ಶಿವಸಂಗಪ್ಪನಿಗೆ ಕೊಟ್ಟರು. ಮಗ್ಗ ಬಿಟ್ಟು ಕೆಂಪು ಕಲ್ಲಿನ ಕ್ವಾರಿ ಸೇರಿದ ಮನುಷ್ಯ. ಆಳು ದೊಡ್ಡವನು, ಕೈಗಳು ಅದಕ್ಕಿಂತ ದೊಡ್ಡವು. ಕಲ್ಲು ಸೀಳುವವನಿಗೆ ಸಿಟ್ಟು ಬಂದರೆ ಎದುರಿಗಿರುವುದು ಕಲ್ಲೋ ಮನುಷ್ಯರೋ ಎಂಬ ಭೇದ ಉಳಿಯುತ್ತಿರಲಿಲ್ಲ.

ತೊಂಬತ್ತೆಂಟರ ಬೇಸಿಗೆ, ಅಮಾವಾಸ್ಯೆಯ ದಿನ. ಅಕ್ಕನಿಗೆ ಮೈಯಲ್ಲಿ ಆರಾಮಿಲ್ಲ ಎಂದು ಸುದ್ದಿ ಬಂತು. ಇಪ್ಪತ್ನಾಲ್ಕರ ಬಸವಂತ ಅರ್ಧ ನೇಯ್ದ ಸೆರಗನ್ನು ಮಗ್ಗದಲ್ಲೇ ಬಿಟ್ಟು ಹುನಗುಂದಕ್ಕೆ ಓಡಿದ. ಹೋಗಿ ನೋಡಿದರೆ ಅಕ್ಕ ಗುಂಡುಗಲ್ಲಿನಂತೆ ಗಟ್ಟಿಮುಟ್ಟಾಗಿದ್ದಾಳೆ, ಆದರೆ ಮುಖ ಬಾಡಿದೆ. ಪಡಸಾಲೆಯಲ್ಲಿ ಮೂವರು. ಬಸವಂತ ಮಾವ ಎಂದು ಕರೆಯುವ ಅಕ್ಕನ ಗಂಡ ಶಿವಸಂಗಪ್ಪ, ಹೊಳೆಯ ದಂಡೆಯಲ್ಲಿ ಹೊಲವಿರುವ ಅವನ ಗೆಳೆಯ ಹನಮಂತಪ್ಪ, ಹಣೆಯ ತುಂಬ ಕುಂಕುಮ ಬಳಿದುಕೊಂಡ ಪರವೂರಿನ ಒಬ್ಬ ಅಂಜನದವನು. ಬಸವಂತ ಒಳಗೆ ಬಂದದ್ದೇ ತಡ, ಬಾಗಿಲಿಗೆ ಚಿಲಕ ಬಿತ್ತು.

ಅಂಜನದವನು ಬಸವಂತನ ಹೆಬ್ಬೆರಳಿನ ಉಗುರಿಗೆ ಕರಿಯ ಅಂಜನ ಬಳಿದ. ಪಾಯಾಳು ಅದನ್ನು ದಿಟ್ಟಿಸಿ ನೋಡಬೇಕು. ಮೊದಲು ಕಸ ಹೊಡೆಯುವವನು ಬರುತ್ತಾನೆ, ಆಮೇಲೆ ನೀರು ಚಿಮುಕಿಸುವವನು, ಆಮೇಲೆ ಸ್ವತಃ ಹನುಮಪ್ಪ ದೇವರು ಬಂದು ಕೂತು ನಿಧಿಯ ಜಾಗ ತೋರಿಸುತ್ತಾನೆ. ಇದು ಅವರ ಶಾಸ್ತ್ರ.

"ಏನ್ ಕಾಣಾಕತ್ತೈತಿ?" ಎಂದ ಅಂಜನದವನು.

"ಏನೂ ಇಲ್ರಿ."

"ಕಸಾ ಹೊಡ್ಯಾಂವ ಬಂದನೇನು?"

"ಇಲ್ರಿ. ನನ್ನ ಮೂಗ ಕಾಣಾಕತ್ತೈತ್ರಿ."

ಶಿವಸಂಗಪ್ಪ ಬಾರಿಸಿದ ಏಟಿಗೆ ಬಸವಂತನ ತಲೆ ಗೋಡೆಗೆ ಹೋಗಿ ಬಡಿಯಿತು. ಕಿವಿಯಲ್ಲಿ ಗುಂಯ್ ಎಂದಿತು. "ಮನಸ್ಸಿಟ್ಟು ನೋಡಲೇ ಪಾಯಾಳ್ಯಾ!" ಎಂದು ಮಾವ ಮತ್ತೆ ಕೈ ಎತ್ತಿದ.

"ಬಂದ್ರಿ ಮಾವಾ, ಬಂದಾ. ಕಸಾ ಹೊಡ್ಯಾಕತ್ತಾನ" ಎಂದ ಬಸವಂತ.

ಒಂದು ಸಲ ಬಾಯಿಗೆ ಬಂದ ಸುಳ್ಳು ತಾನೇ ದಾರಿ ಮಾಡಿಕೊಂಡು ಹೋಯಿತು. ನೀರು ಚಿಮುಕಿಸುವವನೂ ಬಂದ, ಹನುಮಪ್ಪನೂ ಬಂದ. ಜಾಗ ಯಾವುದು ಎಂದಾಗ, ಹಿಂದಿನ ವರ್ಷ ಬಾದಾಮಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ಹೇಳಿದ. "ಹೊಳಿ ದಂಡಿ ಐತಿ. ಹಾಳ ಗುಡಿ ಐತಿ. ಬೇವಿನ ಗಿಡಾ, ಬಿದ್ದ ಕಂಬ." ಕಂಬದ ಬುಡದಲ್ಲಿ ಏನಿದೆ ಎಂದು ಕೇಳಿದರು. ಮಾವನ ಕೈ ಇನ್ನೂ ಮೇಲೇ ಇತ್ತು. "ಕೊಪ್ಪರಿಗಿ ಐತ್ರಿ" ಎಂದುಬಿಟ್ಟ.

"ಅಯ್ಯ ನಮ್ಮಪ್ಪಾ, ಅದು ನಮ್ಮ ಹೊಲಾನs!" ಎಂದು ಹನಮಂತಪ್ಪ ಕೂತಲ್ಲಿಂದ ಎದ್ದು ಕುಣಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರತ್ನಾಬಾಯಿ ಎಲ್ಲ ಕೇಳಿಸಿಕೊಂಡಳು.

ಮಾರನೆಯ ದಿನವೇ ಹೊಲಕ್ಕೆ ಹೋದರು. ಕೇಳಿದವರಿಗೆ ಬಾವಿ ತೋಡುತ್ತೇವೆ ಎಂದರು. ಉರಿಯುವ ಹಗಲಿನಲ್ಲಿ, ಎಲ್ಲರ ಕಣ್ಣೆದುರೇ ಅಗೆದರು. ಬಾವಿ ತೋಡುವವರನ್ನು ಯಾರು ತಡೆಯುತ್ತಾರೆ! ರತ್ನಾಬಾಯಿ ಹೊಲದ ಗುಡಿಸಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಸವಂತ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದ. ಏನೂ ಸಿಗದಿದ್ದರೆ ನಾಲ್ಕು ಏಟು ಹೊಡೆದು ಬಿಟ್ಟಾರು, ಹೋಗಲಿ ಎಂದುಕೊಂಡಿದ್ದ. ಏನೂ ಸಿಗದಿದ್ದರೆ ನಿಜವಾಗಿ ಅಷ್ಟರಲ್ಲೇ ಮುಗಿಯುತ್ತಿತ್ತು.

ನಾಲ್ಕನೆಯ ದಿನ ಒಂದು ಬಿಲ್ಲಿ ಸಿಕ್ಕಿತು.

ಬುಟ್ಟಿಗೆ ಮಣ್ಣು ಎಳೆಯುವಾಗ ಬಸವಂತನ ಬೆರಳಿಗೇ ಅದು ತಗುಲಿತು. ಹಸಿರುಗಟ್ಟಿದ ತಾಮ್ರದ ಚೂರು, ಹುಣಸೆಬೀಜಕ್ಕಿಂತ ಒಂದಿಷ್ಟು ದೊಡ್ಡದು. ಉಗುಳು ಹಚ್ಚಿ ಒರೆಸಿದ. ಒಂದು ಆನೆ ಕಂಡಿತು. ಸೊಂಡಿಲು ಎತ್ತಿ ನಡೆಯುತ್ತಿದ್ದ ಪುಟ್ಟ ಆನೆ. ತಾನು ಹೇಳಿದ ಸುಳ್ಳಿನೊಳಗಿಂದ ಈ ಆನೆ ಎದ್ದು ಬಂದಿತ್ತು. ತಾನು ನಿಜಕ್ಕೂ ಏನಾದರೂ ಕಂಡಿದ್ದೆನೇ ಎಂದು ಒಂದು ಗಳಿಗೆ ಅವನಿಗೇ ಅನುಮಾನ ಬಂತು. ಈ ಅನುಮಾನ ಅವನನ್ನು ಮುಂದೆ ಬಿಡಲೇ ಇಲ್ಲ, ಮತ್ತು ನನ್ನ ಕೇಳಿದರೆ, ಅವನ ತಪ್ಪು ಇರುವುದು ಅಲ್ಲೇ.

"ಗುರ್ತ ಸಿಕ್ತು!" ಎಂದು ಅಂಜನದವನು ಕೈಮುಗಿದ. ಆ ಬಿಲ್ಲಿ ಪಾಯಾಳುವಿನ ಬಳಿಯೇ ಇರಲಿ, ಅದು ಉಳಿದವನ್ನು ಮೇಲೆಳೆಯುತ್ತದೆ ಎಂದ. ಮತ್ತೆ ಮೂರು ದಿನ ಹುಚ್ಚರಂತೆ ಅಗೆದರು. ಕೈಯ ಬೊಬ್ಬೆ ಒಡೆದು ಹಾರೆಯ ತುಂಬ ರಕ್ತವಾಯಿತು. ಕಲ್ಲು ಸಿಕ್ಕಿತು, ಮಡಕೆಯ ಚೂರು ಸಿಕ್ಕಿತು, ಕೊಪ್ಪರಿಗೆ ಸಿಗಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಹನಮಂತಪ್ಪನ ತಲೆ ಕೆಟ್ಟಿತು. "ಭಾವ-ಮೈದುನ ಕೂಡಿ ನಾ ಊರಿಗೆ ಹ್ವಾದಾಗ ಎತ್ತಿ ಹಾಕೀರಿ. ನನ್ನ ಹೊಲದಾಗಿಂದು ನನಗs ಇಲ್ಲೇನು?" ಎನ್ನುತ್ತ ಸಲಿಕೆ ಬೀಸಿದ. ಅದು ಶಿವಸಂಗಪ್ಪನ ಬೆನ್ನು ಸವರಿ ಅಂಗಿ, ಚರ್ಮ ಎರಡನ್ನೂ ಕೊಯ್ದಿತು. ಶಿವಸಂಗಪ್ಪ ತಿರುಗಿ ಗುದ್ದಲಿಯ ಕಾವು ಎತ್ತಿ ಹೊಡೆದ ಹೊಡೆತಕ್ಕೆ ಹನಮಂತಪ್ಪನ ಹೆಗಲ ಎಲುಬು ಲಟಕ್ಕೆಂದದ್ದು ಗುಡಿಸಲಿನ ತನಕ ಕೇಳಿಸಿತು. ಎರಡನೆಯ ಏಟಿಗೆ ಕಿವಿ ಹರಿದು ಜೋತುಬಿತ್ತು. ಅಂಜನದವನು ಚಪ್ಪಲಿ ಬಿಟ್ಟು ಹೊಳೆಯ ಕಡೆಗೆ ಓಡಿದವನು ಮತ್ತೆ ಆ ಸೀಮೆಗೆ ಕಾಲಿಡಲಿಲ್ಲ. ಹನಮಂತಪ್ಪ ದವಾಖಾನೆಯಲ್ಲಿ ಎತ್ತು ಹಾಯಿತು ಎಂದು ಬರೆಸಿದ. ನಿಧಿ ಅಗೆದೆ ಎಂದು ಯಾವ ಬಾಯಲ್ಲಿ ಹೇಳಿಯಾನು? ಅವತ್ತಿನಿಂದ ಅವನು ಇವರ ಹೆಸರು ಎತ್ತಲಿಲ್ಲ.

ಆಮೇಲೆ ಕುಣಿಯಲ್ಲಿ ಉಳಿದದ್ದು ಶಿವಸಂಗಪ್ಪ ಮತ್ತು ಬಸವಂತ. ಹನಮಂತಪ್ಪನ ಮಾತು ಮಾವನ ತಲೆಯೊಳಗೆ ಆಗಲೇ ಬೇರು ಬಿಟ್ಟಿತ್ತು. ತಾನು ಎತ್ತಿಲ್ಲ. ಹಾಗಾದರೆ ಎತ್ತಿದವನು ಈ ಪಾಯಾಳು.

ಮಾವ ಕೊರಳಪಟ್ಟಿಗೆ ಕೈ ಹಾಕುವುದನ್ನು ಕಂಡ ಬಸವಂತ ಕಿಸೆಯಿಂದ ಬಿಲ್ಲಿಯನ್ನು ತೆಗೆದು ಗಪ್ಪನೆ ಬಾಯಿಗೆ ಹಾಕಿಕೊಂಡ. ಅದನ್ನು ಕಿತ್ತುಕೊಂಡಾನು ಎಂಬುದೊಂದೇ ಅವನ ಹೆದರಿಕೆ! ಶಿವಸಂಗಪ್ಪ ಅವನ ರುಮಾಲಿನಿಂದಲೇ ಅವನ ಹೆಡೆಮುರಿ ಕಟ್ಟಿದ. "ಎಲ್ಲಿಟ್ಟಿ? ಹೇಳಲೇ, ಎಲ್ಲಿಟ್ಟಿ?" ಎನ್ನುತ್ತ ಪಕ್ಕೆಗೆ ಒದ್ದ, ಮುಖಕ್ಕೆ ಗುದ್ದಿದ. ಎರಡು ಹಲ್ಲು ಮುರಿದವು. ಬಾಯಿ ತುಂಬ ರಕ್ತ, ರಕ್ತದೊಳಗೆ ತಾಮ್ರದ ಒಗರು. ಬಸವಂತ ತುಟಿ ಬಿಗಿದುಕೊಂಡು ರಕ್ತ ನುಂಗುತ್ತಿದ್ದನೇ ಹೊರತು ಒಂದು ಶಬ್ದ ಹೊರಡಿಸಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

ರತ್ನಾಬಾಯಿ ಬಂದು ತಮ್ಮನ ಮೇಲೆ ಬೋರಲು ಬಿದ್ದಳು. ಎರಡು ಏಟು ಅವಳ ಬೆನ್ನಿಗೂ ಬಿದ್ದವು. "ಸಾಯ್ತಾನ ಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಚೀರಿದಳು. ಕೊಲೆಯಾದರೆ ಗತಿಯೇನು ಎಂದು ಹೆದರಿಯೋ ಏನೋ ಶಿವಸಂಗಪ್ಪ ನಿಲ್ಲಿಸಿದ.

ಗುಡಿಸಲಿನಲ್ಲಿ ಅಕ್ಕ ಬಿಸಿನೀರಿನಿಂದ ಮುಖ ಒರೆಸುವಾಗ ಬಸವಂತ ಬಿಲ್ಲಿಯನ್ನು ಅಂಗೈಗೆ ಉಗುಳಿದ. ರತ್ನಾಬಾಯಿ ಅದನ್ನೂ ಅವನ ಮುಖವನ್ನೂ ನೋಡಿದಳು. ಏನೂ ಕೇಳಲಿಲ್ಲ. ಹಿತ್ತಾಳೆಯ ದೀಪದ ಸಮೆ ತಿಕ್ಕುವ ಹಾಗೆ ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ತಿಕ್ಕಿ ಅವನ ಕೈಗೆ ಕೊಟ್ಟಳು.

ಬಾಯಿ ಮಾಯಲು ಒಂದು ತಿಂಗಳು ಹಿಡಿಯಿತು. ಎದ್ದವನೇ ಬಸವಂತ ಬಾದಾಮಿಗೆ ಹೋದ. ಹಳೆಯ ಅಕ್ಷರ ಓದಬಲ್ಲ ನಿವೃತ್ತ ಮಾಸ್ತರ ಸಂಗಯ್ಯನವರು ಅಲ್ಲಿದ್ದರು. ಬಿಲ್ಲಿಯನ್ನು ಬೆಳಕಿಗೆ ಹಿಡಿದು ಮೊದಲು ಬೈದರು. "ಹುಣಸಿಹಣ್ಣ ಹಚ್ಚಿ ತಿಕ್ಕಿದ ಪುಣ್ಯಾತ್ಮರು ಯಾರಪಾ? ಅರ್ಧಾ ಅಕ್ಷರ ತಿಂದು ಹಾಕ್ಯಾರಲ್ಲ!" ಆಮೇಲೆ ಹೇಳಿದರು, ಇದು ವಿಜಯನಗರದ ಕಾಲದ್ದು, ಐದುನೂರು ವರ್ಷಕ್ಕೆ ಮೇಲ್ಪಟ್ಟದ್ದು. ಬಸವಂತ ನಾಲಿಗೆ ತಡವರಿಸುತ್ತ, ಇದು ಸಿಕ್ಕಲ್ಲಿ ಕೊಪ್ಪರಿಗೆ ಇದ್ದೀತೇ ಎಂದು ಕೇಳಿದ.

"ಹುಚ್ಚಪ್ಪಾ" ಎಂದು ಮಾಸ್ತರರು ನಕ್ಕರು. "ಸಂತಿಗೆ ಹೊಂಟ ಯಾವಾಕಿಯದೋ ಉಡಿಯಿಂದ ಉದುರಿದ್ದು ಇದು. ಮನಿಗೆ ಹೋಗಿ ಆಕಿ ಎಷ್ಟು ಹುಡುಕಿದಳೋ ಏನೋ."

ಆ ಮಾತು ಬಸವಂತನಿಗೆ ತಾಗಿತು. ಐದುನೂರು ವರ್ಷದ ಹಿಂದೆ ಒಬ್ಬಾಕೆ ಉಡಿ ಬಿಚ್ಚಿ ಕೊಡವಿ, ದಾರಿಯಲ್ಲಿ ಬಗ್ಗಿ ಬಗ್ಗಿ ಹುಡುಕಿದ್ದಾಳೆ. ಅದು ತನ್ನ ಅಂಗೈಯಲ್ಲಿ ಕೂತಿದೆ. ಅವನಿಗೆ ಅಳು ಬಂತು. ಇಂಥವು ಇನ್ನೆಷ್ಟು ಮಣ್ಣಿನಲ್ಲಿವೆಯೋ, ಯಾರು ಯಾರವೋ, ಎಲ್ಲವನ್ನೂ ಹುಡುಕಿ ಒಂದೆಡೆ ಇಡಬೇಕು ಎನಿಸಿತು. ಹುಚ್ಚು ಹಿಡಿದದ್ದು ಅವತ್ತು.

ಆಗ ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯೊಳಗೆ ಬರುವ ಹೊತ್ತು. ಜನ ಮನೆ ಕೆಡವಿ ತೊಲೆ, ಬಾಗಿಲು ಹೊತ್ತು ನವನಗರಕ್ಕೆ ಹೋಗುತ್ತಿದ್ದರು. ಗೋಡೆಯ ಗೂಡು, ಹೊಸ್ತಿಲ ಬುಡ, ಅಟ್ಟದ ಗಡಿಗೆ ಎಲ್ಲೆಲ್ಲಿಂದಲೋ ಅಜ್ಜಂದಿರ ಕಾಲದ ಬಿಲ್ಲಿಗಳು ಉದುರುತ್ತಿದ್ದವು. ಅವುಗಳನ್ನು ಹಿತ್ತಾಳೆ, ತಾಮ್ರದ ಗುಜರಿಯ ಜೊತೆ ಕೊಳ್ಳುತ್ತಿದ್ದವನು ಮೋಡ್ಕಾ ವ್ಯಾಪಾರಿ ಅಲ್ಲಾಸಾಬ. ಬಾಗಲಕೋಟೆಯಿಂದ ಹುನಗುಂದದ ತನಕ ಓಣಿ ಓಣಿ ತಿರುಗುವ ಮನುಷ್ಯ. ಕರಗಿಸಲು ಹಾಕುವ ಮೊದಲು ಬಸವಂತನಿಗಾಗಿ ತೆಗೆದಿಡುತ್ತಿದ್ದ. "ತಗೋ ಹುಚ್ಚ, ನಿನ್ನ ಮಕ್ಕಳು ಬಂದಾವ" ಎನ್ನುತ್ತಿದ್ದ. ಮರಾಠರ ಶಿವರಾಯಿ ದುಡ್ಡು, ಆದಿಲಶಾಹಿ ತಾಮ್ರ, ನಿಜಾಮನ ಕಾಸು. ಬಸವಂತ ಸೀರೆಯ ಮಜೂರಿಯಲ್ಲಿ ಚಹಾ ಬಿಟ್ಟ, ಬೀಡಿ ಬಿಟ್ಟ, ಮದುವೆಯ ಮಾತನ್ನೂ ಬಿಟ್ಟ.

ಹೊಸ ಬಿಲ್ಲಿ ಸಿಕ್ಕ ದಿನ ಅವನಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ನೆಟ್ಟಗೆ ಬಸ್ಸು ಹತ್ತಿ ಹುನಗುಂದಕ್ಕೆ, ಅಕ್ಕನ ಹತ್ತಿರ. ಅವಳಲ್ಲದೆ ಈ ತಾಮ್ರದ ಪುರಾಣ ಕೇಳುವವರು ಯಾರಿದ್ದರು? ಏಟು ತಿಂದ ಮನೆಗೆ ಮತ್ತೆ ಹೇಗೆ ಹೋದ ಎಂದು ನೀವು ಕೇಳಬಹುದು. ಶಿವಸಂಗಪ್ಪ ಆಮೇಲೆ ಅವನ ಮೈ ಮುಟ್ಟಲಿಲ್ಲ. ಬದಲಿಗೆ "ಬಾರಪಾ, ಕೂಡು, ಏನ್ ತಂದಿ ತೋರ್ಸು" ಎಂದು ನಗುತ್ತಿದ್ದ. ಬಿಲ್ಲಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ ಹಿಂದಿರುಗಿಸುತ್ತಿದ್ದ. ಮಾವ ಸುಧಾರಿಸಿದ ಎಂದು ಬಸವಂತ ನಂಬಿದ.

ಅವನು ಬಸ್ಸು ಹತ್ತಿದ ಮೇಲೆ ಆ ಮನೆಯ ಬಾಗಿಲು ಮುಚ್ಚುತ್ತಿತ್ತು. ಬಸವಂತನಿಗೆ ಇದು ತಿಳಿದದ್ದು ಎಂಟು ವರ್ಷದ ಮೇಲೆ. ನಿಮಗೆ ಈಗಲೇ ಹೇಳುತ್ತೇನೆ. "ಇವತ್ತ ಮತ್ತೊಂದು ತೆಗದಾನ. ಕೊಪ್ಪರಿಗ್ಯಾಗಿಂದ ಒಂದೊಂದs ತೆಗ್ಯಾಕತ್ತಾನ. ಎಲ್ಲೈತಿ, ನಿನಗ ಹೇಳ್ಯಾನ, ಬೊಗಳು" ಎಂದು ಶಿವಸಂಗಪ್ಪ ಹೆಂಡತಿಯ ಕೂದಲು ಮುಂಗೈಗೆ ಸುತ್ತಿಕೊಳ್ಳುತ್ತಿದ್ದ. ಅವಳ ಬಾಯಿಗೆ ಸೆರಗು ತುರುಕಿ ಹೊಡೆಯುತ್ತಿದ್ದ. ಮೈದುನನನ್ನು ಹೊಡೆದು ಪ್ರಯೋಜನವಿಲ್ಲ, ಅವನು ಸತ್ತರೂ ಹೇಳುವವನಲ್ಲ ಎಂದು ಕುಣಿಯಲ್ಲೇ ಕಂಡಿದ್ದನಲ್ಲ. ಬಸವಂತನ ಪೆಟ್ಟಿಗೆಗೆ ಬಿದ್ದ ಒಂದೊಂದು ನಾಣ್ಯಕ್ಕೂ ಅಕ್ಕನ ಮೈಮೇಲೆ ಒಂದೊಂದು ಬರೆ ಬಿತ್ತು.

ಬಸವಂತ ಕುರುಡನಾಗಿದ್ದನೇ? ಅಕ್ಕನ ಹಣೆಯ ಗಾಯ ಕಂಡಿದ್ದ, "ಕಟ್ಟಿಗಿ ತಾಗ್ತೋ" ಎಂದಿದ್ದಳು. ಮುಂದಿನ ಹಲ್ಲು ಹೋದದ್ದು ಕಂಡಿದ್ದ, "ನಳದ ಹಂತ್ಯಾಕ ಜಾರಿದ್ನಿ" ಎಂದಿದ್ದಳು. ಅವನು "ಹೌದೇನು, ನೋಡಿ ಅಡ್ಡಾಡು" ಎಂದು ಹೇಳಿ ಬಿಲ್ಲಿ ತೆಗೆದು ತೋರಿಸಿದ್ದ. ನನಗೆ ಈ ಮನುಷ್ಯನ ಮೇಲೆ ಪ್ರೀತಿ ಇದೆ, ಆದರೂ ಈ ಜಾಗಕ್ಕೆ ಬಂದಾಗ ಅವನ ಕಪಾಳಕ್ಕೆ ಬಿಗಿಯಬೇಕೆನಿಸುತ್ತದೆ.

ಎರಡು ಸಾವಿರದ ಆರರಲ್ಲಿ ಒಂದು ದಿನ ಬಸವಂತ ಬಾಗಲಕೋಟೆಗೆ ಹೋದಾಗ ಅಲ್ಲಾಸಾಬ ಬರಿಗೈ ತೋರಿಸಿದ.

"ನಿನಗ ನಾ ಇನ್ನ ಏನೂ ಕೊಡೂದಿಲ್ಲಪಾ."

"ಯಾಕ ಮಾಮು? ನನ್ನಿಂದೇನ್ ತಪ್ಪಾತು?"

ಅಲ್ಲಾಸಾಬ ತಕ್ಕಡಿಯ ಸರಪಳಿ ಬಿಡಿಸುತ್ತ ಹೇಳಿದ. "ಹುನಗುಂದದಾಗ ನಿಮ್ಮಕ್ಕನ ಓಣ್ಯಾಗ ನಾ ತಿರಗ್ತೀನಿ. ಮಂದಿ ಏನ್ ಆಡ್ಕೋತಾರ ಗೊತ್ತೈತೇನು? ತಮ್ಮ ಬಂದು ಹ್ವಾದ ದಿನಾ ಆ ಮನ್ಯಾಗ ಹೆಣ್ಮಗಳ ಚೀರಾಟ ಕೇಳತೈತಿ ಅಂತಾರ. ಹೋದ ವಾರ ನಾನs ಕಿವಿಯಾರೆ ಕೇಳಿದ್ನಿ. ನಾ ಕೊಟ್ಟ ಬಿಲ್ಲಿ ತಗೊಂಡು ನೀ ಹೋಗಿದ್ದಿ ಅವತ್ತ. ಖರೇ ಹೇಳ್ತೀನಿ, ಆ ದಿನ ಊಟ ಸೇರಲಿಲ್ಲ ನನಗ."

ಎಂಟು ವರ್ಷದ ಗಾಯಗಳೆಲ್ಲ ಒಮ್ಮೆಲೇ ಕಣ್ಣೆದುರು ಬಂದವು. ಊರಿಗೆ ಬಂದು, ತನ್ನ ನಾಣ್ಯದ ತಗಡಿನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು, ಹುನಗುಂದದ ಬಸ್ಸು ಹತ್ತಿದ.

ಶಿವಸಂಗಪ್ಪ ಊಟಕ್ಕೆ ಕೂತಿದ್ದ. ಬಸವಂತ ಪೆಟ್ಟಿಗೆಯನ್ನು ಅವನ ತಾಟಿನ ಮುಂದೆ ಬೋರಲು ಹಾಕಿದ. ಕಾಗದದ ಪಾಕೀಟುಗಳು ಬಾಯಿ ಬಿಚ್ಚಿಕೊಂಡು ಝಣಝಣ ಎಂದು ತಾಮ್ರ, ಸೀಸ, ಬೆಳ್ಳಿ ನೆಲದ ತುಂಬ ಹರಡಿತು. ಒಂದೆರಡು ಸಾರಿನಲ್ಲಿ ಬಿದ್ದವು.

"ತಗೋರಿ. ಇಷ್ಟs ಅದಾವ. ಅಕ್ಕನ ಮೈ ಮುಟ್ಟಬ್ಯಾಡ್ರಿ" ಎಂದ.

ಶಿವಸಂಗಪ್ಪ ಕೈ ನೆಕ್ಕುತ್ತ ನಾಲ್ಕಾರು ಬಿಲ್ಲಿಗಳನ್ನು ಎತ್ತಿ ನೋಡಿದ. ಒಂದರ ಮೇಲೆ ಇಂಗ್ಲಿಷ್ ರಾಣಿ, ಒಂದರ ಮೇಲೆ ಉರ್ದು. ಅವನಿಗೆ ಅದೆಲ್ಲ ಒಂದೇ. "ಇವು ಮ್ಯಾಲಿನವು" ಎಂದ. "ತಳದ ಬಂಗಾರ ಎಲ್ಲೈತಿ?"

"ಬಂಗಾರ ಇಲ್ಲ, ಕೊಪ್ಪರಿಗಿ ಇಲ್ಲ! ಅವತ್ತ ಉಗರಾಗ ನನಗೇನೂ ಕಾಣಲಿಲ್ಲ. ನೀವು ಹೊಡೀತೀರಿ ಅಂತ ಹೆದರಿ ಸುಳ್ಳ ಹೇಳಿದ್ನಿ. ಬಸ್ಸಿನ್ಯಾಗಿಂದ ನೋಡಿದ್ದ ಗುಡೀನ ಹೇಳಿದ್ನಿ. ಅಷ್ಟs!"

ಶಿವಸಂಗಪ್ಪ ಎದ್ದ. "ಸೂಳೇಮಗನ, ಇಷ್ಟು ವರ್ಷ ಆದಮ್ಯಾಲ ಹೊಸಾ ಕತಿ ಹೇಳ್ತಿ?" ಎಂದು ತಾಟು ಒದ್ದು, ಬಸವಂತನನ್ನು ಕೆಡವಿ, ಎದೆಯ ಮೇಲೆ ಮೊಣಕಾಲು ಊರಿ ಕುತ್ತಿಗೆ ಹಿಡಿದ. ಬಸವಂತ ಕೈಗೆ ಸಿಕ್ಕ ಬಿಲ್ಲಿಗಳನ್ನೇ ಹಿಡಿದು ಅವನ ಕಣ್ಣಿಗೆ ಗುದ್ದಿದ, ಹುಬ್ಬು ಸೀಳಿ ರಕ್ತ ಇವನ ಮುಖದ ಮೇಲೆ ಹನಿಯಿತು. ಹಿಡಿತ ಸಡಿಲಾಗಲಿಲ್ಲ. ಕಣ್ಣು ಕತ್ತಲೆಗಟ್ಟುತ್ತಿತ್ತು, ಉಸಿರು ನಿಲ್ಲುವುದರಲ್ಲಿತ್ತು.

ರತ್ನಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ತಮ್ಮಾ, ಖರೇನ ಏನೂ ಇರಲಿಲ್ಲೇನೋ?" ಎಂದು ಕೇಳಿದಳು.

ಬಸವಂತನಿಗೆ ಮಾತಾಡಲು ಉಸಿರಿರಲಿಲ್ಲ. ಇರಲಿಲ್ಲ ಎಂದು ತಲೆ ಅಲ್ಲಾಡಿಸಿದ.

ಅವಳು ಒಳಗೆ ಹೋದಳು. ಖಾರ ಅರೆಯುವ ಗುಂಡುಗಲ್ಲು ಹಿಡಿದು ಹೊರಗೆ ಬಂದಳು. ತಮ್ಮನ ಕುತ್ತಿಗೆಯ ಮೇಲಿದ್ದ ಗಂಡನ ಬಲ ಮಣಿಕಟ್ಟಿನ ಮೇಲೆ ಎರಡೂ ಕೈಯಿಂದ ಎತ್ತಿ ಕುಟ್ಟಿದಳು. ಎಲುಬು ಒಡೆದ ಸದ್ದಾಯಿತು. ಶಿವಸಂಗಪ್ಪ ಹೋರಿಯಂತೆ ಒದರಿ ಪಕ್ಕಕ್ಕೆ ಉರುಳಿದ. ಅವಳು ಇನ್ನೊಂದು ಸಲ ಎತ್ತಿದಳು, ಈ ಸಲ ಅವನ ತಲೆಯ ನೇರಕ್ಕೆ. "ಅಕ್ಕಾ, ಬ್ಯಾಡ!" ಎಂದು ಬಸವಂತ ಅವಳ ಕಾಲು ಹಿಡಿದ. ಕಲ್ಲು ಅವನ ಪಕ್ಕದಲ್ಲಿ ನೆಲಕ್ಕೆ ಬಿದ್ದು, ಗಾರೆ ಸೀಳಿತು.

"ಎಂಟು ವರ್ಷ" ಎಂದಳು ರತ್ನಾಬಾಯಿ. ಅವಳು ಗಂಡನನ್ನು ನೋಡುತ್ತಿರಲಿಲ್ಲ, ತಮ್ಮನನ್ನು ನೋಡುತ್ತಿದ್ದಳು. "ಅವತ್ತ ಕುಣ್ಯಾಗ ಅಷ್ಟ ಹೊಡ್ತ ತಿಂದ್ರೂ ನೀ ಒಂದ ಮಾತ ಆಡಲಿಲ್ಲ. ಇವನ ಹಂತ್ಯಾಕ ಕೊಪ್ಪರಿಗಿ ಐತಿ, ಅದಕ್ಕs ಸುಮ್ಮನದಾನ ಅಂತ ನಾನೂ ತಿಳಕೊಂಡ್ನಿ. ತಮ್ಮನ ಬಾಳೇವು ಹಸನಾಗಲಿ, ನನ್ನಿಂದ ಅದು ಹೊರಗ ಬೀಳಬಾರದು ಅಂತ ಹಲ್ಲ ಕಚ್ಚಿದ್ನಿ. ಇಲ್ಲ, ಅವನ ಹಂತ್ಯಾಕ ಏನೂ ಇಲ್ಲ ಅಂತ ಒಂದs ಮಾತ ಅನ್ನಲಿಲ್ಲ ನಾ. ಅಂದ್ರ ಸುಳ್ಳ ಆಗತೈತಿ ಅಂತ ಅನ್ನಲಿಲ್ಲ. ಏನೂ ಇರಲಿಲ್ಲ ಅಂದ್ರ ಮತ್ತ ನಾ ಏನ್ ಕಾಯ್ದ್ನೋ ಬಸವಂತಾ?"

ಬಸವಂತ ನೆಲದಲ್ಲಿ ಕೂತು ಹಣೆ ಹಣೆ ಬಡಿದುಕೊಂಡು ಅತ್ತ. ಎಂಟು ವರ್ಷದಲ್ಲಿ ಒಂದೇ ಒಂದು ದಿನ, ಅಕ್ಕಾ ನಾ ಏನೂ ಕಂಡಿಲ್ಲ ಎಂದಿದ್ದರೆ ಸಾಕಿತ್ತು. ಹೇಳಿರಲಿಲ್ಲ. ಯಾಕೆಂದರೆ ಆನೆಯ ಬಿಲ್ಲಿ ಸಿಕ್ಕಂದಿನಿಂದ, ತನ್ನ ಕಣ್ಣಲ್ಲಿ ನಿಜಕ್ಕೂ ಏನೋ ಇದೆ ಎಂಬ ಸಣ್ಣ ಜಂಬವನ್ನು ಅವನು ಒಳಗೊಳಗೇ ಸಾಕಿಕೊಂಡಿದ್ದ.

ಅವತ್ತೇ ಇಬ್ಬರೂ ಇಳಕಲ್ಲಿಗೆ ಬಂದರು. ನೆಲದ ಮೇಲಿನ ಬಿಲ್ಲಿ, ಪಾಕೀಟುಗಳನ್ನು ಬಸವಂತ ಅಲ್ಲೇ ಬಿಟ್ಟು ಎದ್ದಿದ್ದ. ರತ್ನಾಬಾಯಿಯೇ ಸೆರಗಿನಲ್ಲಿ ಒಂದೊಂದಾಗಿ ಆರಿಸಿ ಪೆಟ್ಟಿಗೆಗೆ ತುಂಬಿದಳು. ಶಿವಸಂಗಪ್ಪ ಒಂದು ಸಲ ಓಣಿಗೆ ಬಂದು ಅರಚಾಡಿದ. ನೇಕಾರರು ಕೈಗೆ ಸಿಕ್ಕ ಮಗ್ಗದ ಕಟ್ಟಿಗೆಗಳನ್ನು ಹಿಡಿದು ಹೊರಬಂದರು. ಸೊಟ್ಟಗೆ ಕೂಡಿದ ಕೈ ಹಿಡಿದುಕೊಂಡು ಹೋದವನು ಈಗಲೂ ಹೊಳೆಯ ದಂಡೆಯಲ್ಲಿ ಎಲ್ಲೆಲ್ಲೋ ಅಗೆಯುತ್ತಾನೆಂದು ಕೇಳಿದ್ದೇನೆ.

ಮನೆಗೆ ಬಂದ ಮೇಲೆ ಆರು ತಿಂಗಳು ಬಸವಂತ ಪೆಟ್ಟಿಗೆ ಮುಟ್ಟಲಿಲ್ಲ. ಮಾರಿಬಿಡುತ್ತೇನೆ, ಹೊಳೆಗೆ ಒಗೆಯುತ್ತೇನೆ ಎಂದ. ಒಂದು ಮಧ್ಯಾಹ್ನ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ರತ್ನಾಬಾಯಿ ಕೆಲಸ ಬಿಟ್ಟು ಎದ್ದು ಅದನ್ನು ತಂದು ಅವನ ಮುಂದೆ ಇಟ್ಟಳು. ಪ್ರತಿ ಬಿಲ್ಲಿಗೂ ಒಂದು ಕಾಗದದ ಪಾಕೀಟು. ಅದರ ಮೇಲೆ ಯಾವ ರಾಜನದು, ಎಲ್ಲಿ ಸಿಕ್ಕಿತು, ಯಾವ ತಾರೀಖು ಎಂದು ಬಸವಂತನ ಅಕ್ಷರ. ಅವಳಿಗೆ ಓದಲು ಬರುವುದಿಲ್ಲ.

"ತಾರೀಖ ಓದು" ಎಂದಳು.

"ಯಾಕಕ್ಕಾ?"

"ಓದು ಅಂದ್ನಿ."

ಅವನು ತಾರೀಖು ಓದಿದ, ಅದು ಯಾವ ಹಬ್ಬದ ಹಿಂದೆ ಮುಂದೆ ಎಂದು ಹೇಳಿದ. ಅವಳು ಒಂದಿಷ್ಟು ಹೊತ್ತು ನೆನೆದು, "ಇದು ಹಲ್ಲು" ಎಂದಳು. "ಹಿಂದ ಬರಿ." ಅವನು ಬರೆದ. "ಇದು ಎಡಗೈ. ಇದು ಬೆನ್ನು, ಬೆಲ್ಟಿಂದು. ಇದಕ್ಕ ಎರಡ ದಿನ ಕೂಳ ಹಾಕಲಿಲ್ಲ." ದಿನಕ್ಕೆ ಹತ್ತು ಪಾಕೀಟು, ಕೆಲವು ದಿನ ಐದೇ. ಒಂದು ಪಾಕೀಟನ್ನು ಅವಳು ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. "ಇದು ಮೂರ ತಿಂಗಳದ್ದಿತ್ತು" ಎಂದಳು, ಹೊಟ್ಟೆಯ ಮೇಲೆ ಕೈಯಿಟ್ಟು. "ಇದರ ಹಿಂದ ಬರೀಬ್ಯಾಡ." ಬಸವಂತ ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಅವತ್ತು ಮತ್ತೆ ಒಳಗೆ ಬರಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಕೊನೆಕೊನೆಗೆ ಒಂದು ಪಾಕೀಟು ಬಂತು. ನಿಜಾಮನ ಸಣ್ಣ ಕಾಸು, ಎರಡು ಸಾವಿರದ ಮೂರರ ಶ್ರಾವಣ. ಬಸವಂತ ಓದಿ, ತಲೆ ಎತ್ತದೆ ಪೆನ್ನು ಹಿಡಿದು ಕಾದ. ಕೊನೆಗೆ ತಲೆ ಎತ್ತಿ ನೋಡಿದರೆ ಅಕ್ಕನ ಮುಖ ಸ್ವಲ್ಪ ಸಡಿಲಾಗಿತ್ತು.

"ಅವತ್ತ ಏನೂ ಆಗಿಲ್ಲ" ಎಂದಳು. "ನಿಮ್ಮ ಮಾವ ಕ್ವಾರಿ ಕೆಲಸಕ್ಕ ಪರವೂರಿಗೆ ಹೋಗಿದ್ದ. ನೀ ಬಂದಿ. ನಾ ಜುಣಕ ಮಾಡಿದ್ನಿ, ಬಿಸಿ ರೊಟ್ಟಿ ಬಡದ್ನಿ. ಇಬ್ಬರೂ ಕೂತು ಉಂಡ್ವಿ. ನೀ ನಾಕ ರೊಟ್ಟಿ ತಿಂದಿ."

"ಇದನ್ನೂ ಬರೀಲೇನು?" ಎಂದು ಬಸವಂತ ಕೇಳಿದ.

"ಬರಿ" ಎಂದಳು ರತ್ನಾಬಾಯಿ.